ಅತ್ತೆಯ ಒಬ್ಬಟ್ಟು



ಯುಗಾದಿಗೆ ನಾವು ಒಬ್ಬಟ್ಟು ಮಾಡ್ತೀವಿ. ಅಳತೆ ಕೇಳಿದರೆ ನಮ್ಮ ಅತ್ತೆ, "ಕೈಗೇ ಗೊತ್ತು ಕಣಮ್ಮ" ಅನ್ನೋರು. ಅತ್ತೆ ತೀರಿಕೊಂಡರು. ಅಳತೆಯೂ ಹೋಯಿತು. ಆ ವರ್ಷ ನಮ್ಮ ಹೂರಣ ನೀರಾಯಿತು. ಒಬ್ಬಟ್ಟು ಹರಿಯಿತು.

ಮತ್ತೆ ಮತ್ತೆ ಮಾಡಿ ಕಲಿತೆವು. 1 ಪಾವು ಕಡಲೆಬೇಳೆ, 1 ಪಾವು ಪುಡಿ ಬೆಲ್ಲ. ಬೇಳೆ ಮೆತ್ತಗೆ ಬೇಯಬೇಕು, ಕರಗಬಾರದು. ನೀರು ಪೂರ್ತಿ ಬಸಿಯಬೇಕು. ಆ ಕಟ್ಟು ಸಾರಿಗೆ ಆಯ್ತು. ಬೇಳೆಗೆ ಬೆಲ್ಲ ಹಾಕಿ, ಗಟ್ಟಿಯಾಗುವ ತನಕ ಕೈಯಾಡಿಸಬೇಕು. ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಬೇಕು. ಮೈದಾ ಕಣಕ ಎಣ್ಣೆಯಲ್ಲಿ 2 ಗಂಟೆ ನೆನೆಯಬೇಕು.

ಈಗ ನಮಗೆ ಅಕ್ಷರ ಬಂದಿದೆ. ಇದನ್ನೆಲ್ಲಾ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀವಿ. ನಿಮ್ಮ ಮನೆಯ ಹಿರಿಯರನ್ನೂ ಕೇಳಿ. ಅವರು ಇರುವಾಗಲೇ ಬರೆದಿಡಿ.