ಮುನಸಿಪಾಲಟಿಯ ವಕೀಲರು ಯಾರ ವಕೀಲರು?

(ಅಥಣಿ ತಾಲೂಕಿನ ಅನಂತಪುರದಲ್ಲಿ ಮಾಡಿದ ಭಾಷಣ)



ಅನಂತಪುರ ಹಳ್ಳಿಯೇ ನಿಜ. ಆದರೆ ಅಥಣಿಯ ಪೇಟೆಯಲ್ಲಿ ಕಾಯಿಪಲ್ಲೆಯ ಬುಟ್ಟಿ ಇಟ್ಟು ಕೂಡುವವರು, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಗಳಲ್ಲಿ ಕೈಗಾಡಿ ನಿಲ್ಲಿಸುವವರು, ಕಾರಖಾನೆಯ ಪಾಳಿ ಮುಗಿಸಿ ಬಾಡಿಗೆಯ ಮನೆಗೆ ಮರಳುವವರು ನಮ್ಮಲ್ಲಿ ಬಹಳ ಜನ. ಇವರೆಲ್ಲರ ಅನ್ನಕ್ಕೆ ಊರ ಕಾಯಿದೆಯ ಸಂಬಂಧವಿದೆ. ಮುನಸಿಪಾಲಟಿಯ ಅಧ್ಯಕ್ಷರು ಯಾರೆಂದು ನಾವು ಬಲ್ಲೆವು, ಮುಖ್ಯಾಧಿಕಾರಿ ಯಾರೆಂದು ಬಲ್ಲೆವು. ಅದರ ವಕೀಲರು ಯಾರು, ಅವರ ಕೆಲಸವೇನು ಎಂದು ಕೇಳಿದರೆ ಸುಮ್ಮನಾಗುತ್ತೇವೆ.

1956ರ ನವೆಂಬರ್ 1ರವರೆಗೆ ನಮ್ಮ ಈ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಈಗ ಇಲ್ಲಿಯ ಮುನಸಿಪಾಲಟಿಗಳು ನಡೆಯುವುದು 1964ರ ಕರ್ನಾಟಕದ ಕಾಯಿದೆಯಂತೆ. ಈ ಕಾಯಿದೆಯ ಕಣ್ಣಿಗೆ ಮುನಸಿಪಾಲಟಿ ತಾನೇ ಒಬ್ಬ ವ್ಯಕ್ತಿಯಿದ್ದಂತೆ. ಅದು ಆಸ್ತಿ ಹೊಂದಬಹುದು, ದಾವೆ ಹೂಡಬಹುದು. ಅದರ ಮೇಲೂ ದಾವೆ ಹೂಡಬಹುದು. ವಕೀಲರ ಕಕ್ಷಿದಾರ ಈ ಸಂಸ್ಥೆಯೇ ಹೊರತು ಕುರ್ಚಿಯಲ್ಲಿ ಕುಳಿತ ಅಧ್ಯಕ್ಷರಲ್ಲ, ಹೆಚ್ಚು ಮತವಿರುವ ಗುಂಪೂ ಅಲ್ಲ. ಅವರ ಫೀ ಹೋಗುವುದು ನಾವು ಕಟ್ಟುವ ಮನೆಪಟ್ಟಿ, ನೀರಪಟ್ಟಿ ಸೇರುವ ಗಂಟಿನಿಂದ. ಅಮೇರಿಕದ ಲಾಸ್ ಏಂಜಲೀಸಿನಲ್ಲಿ ನಗರದ ವಕೀಲರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಆದ್ದರಿಂದ ಅವರ ಕೆಲಸದ ಮೇಲೆ ಕಣ್ಣಿಡುವ ಹೊಣೆ ನಮ್ಮದಾಗುತ್ತದೆ.

ಅವರ ಮೊದಲನೆಯ ಕರ್ತವ್ಯ, ತಪ್ಪು ನಡೆಯುವುದಕ್ಕೆ ಮುಂಚೆ ಎಚ್ಚರಿಸುವುದು. ನಾಳೆ ಬೆಳಿಗ್ಗೆ ಪೇಟೆಯ ಬೀದಿ ಖಾಲಿ ಮಾಡಿಸಬೇಕೆಂದು ಸಭೆ ಠರಾವು ಮಾಡಿತೆನ್ನಿ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಏನು ಹೇಳುತ್ತದೆ? ವ್ಯಾಪಾರಿಗಳ ಗಣತಿ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನಗಳ ನೋಟೀಸು ಬೇಕು. ಜಪ್ತು ಮಾಡಿದ ಮಾಲಿಗೆ ಯಾದಿ ಕೊಡಬೇಕು. ಕೆಡುವ ಮಾಲನ್ನು ಹಕ್ಕು ಕೇಳಿದ ದಿನವೇ ಮರಳಿಸಬೇಕು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳದೇ. ಇದನ್ನು ವಕೀಲರು ಸಭೆಗೆ ಲಿಖಿತವಾಗಿ ತಿಳಿಸಬೇಕು. ಬುಟ್ಟಿಗಳು ಗಾಡಿ ಏರಿದ ಮೇಲೆ ಕೊಟ್ಟ ಸಲಹೆ ಯಾರಿಗೆ ಬೇಕು? ಹೊಟ್ಟೆ ಹೊರೆಯುವ ಹಕ್ಕು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1985ರಲ್ಲಿ, ಮುಂಬಯಿಯ ಫುಟ್‌ಪಾತಿನ ನಿವಾಸಿಗಳ ಖಟ್ಲೆಯಲ್ಲಿ ಹೇಳಿದೆ. ಫುಟ್‌ಪಾತು ಕಾಯಂ ಆಗಿ ಯಾರದೂ ಅಲ್ಲವೆಂದೂ ಅದೇ ತೀರ್ಪು ಹೇಳಿದೆ. ಎರಡನ್ನೂ ನಾವು ತಿಳಿದಿರಬೇಕು.

ಎರಡನೆಯದು, ತಾರೀಖು ತಪ್ಪಿಸದಿರುವುದು. ದಿವಾಣಿ ದಾವೆ ಸೋತರೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಮಾಡಲು 30 ದಿನ, ಹೈಕೋರ್ಟಿಗಾದರೆ 90 ದಿನ. 2008ರಿಂದ ಧಾರವಾಡದಲ್ಲಿಯೇ ಹೈಕೋರ್ಟಿನ ಪೀಠವಿದೆ. ಬೆಂಗಳೂರು ದೂರವೆಂಬ ನೆಪ ಉಳಿದಿಲ್ಲ. ಸಾರ್ವಜನಿಕ ರಸ್ತೆಯ ಜಾಗ ಕಳೆದುಕೊಂಡ ಮುನಸಿಪಾಲಟಿ ಅದನ್ನು ಮರಳಿ ಪಡೆಯಲು 30 ವರ್ಷಗಳೊಳಗೆ ದಾವೆ ಹೂಡಬಹುದು. ಇದು ಊರಿನ ಆಸ್ತಿ ಉಳಿಯಲೆಂದು ಕೊಟ್ಟ ಅವಕಾಶ, ನಿದ್ದೆ ಮಾಡಲೆಂದಲ್ಲ. ಬಡವರ ಬುಟ್ಟಿಗೆ ಒಂದು ರಾತ್ರಿಯ ಗಡುವು, ಉಳ್ಳವರ ಗೋಡೆಗೆ ವಾಯಿದೆಯ ಮೇಲೆ ವಾಯಿದೆ ಎಂದಾದರೆ ಅದನ್ನು ಕಾಯಿದೆ ಎನ್ನಲಾಗದು.

ಮೂರನೆಯದು, ಸಲ್ಲದ ನೆಪವನ್ನು ಸಲ್ಲದೆಂದು ಹೇಳುವುದು. ಮಧ್ಯಪ್ರದೇಶದ ರತ್ಲಾಮದಲ್ಲಿ ಗಟಾರದ ಹೊಲಸು ತಾಳಲಾರದೆ ಜನ ಮ್ಯಾಜಿಸ್ಟ್ರೇಟರ ಬಳಿ ಹೋದರು. ಹಣವಿಲ್ಲವೆಂದು ಮುನಸಿಪಾಲಟಿ ಸುಪ್ರೀಂ ಕೋರ್ಟಿನವರೆಗೆ ವಾದಿಸಿತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ವಾದವನ್ನು ತಳ್ಳಿಹಾಕಿ, ಗಟಾರ, ಪಾಯಖಾನೆ ಕಟ್ಟುವುದು ಕಾಯಿದೆ ಹೊರಿಸಿದ ಕರ್ತವ್ಯವೆಂದರು. ಇದನ್ನು ಬಲ್ಲ ವಕೀಲರು, ಖಟ್ಲೆಗೆ ಸುರಿಯುವ ಹಣವನ್ನು ಗಟಾರಕ್ಕೇ ಹಾಕಿರೆಂದು ಸಭೆಗೆ ಹೇಳಬೇಕು.

ಅವರು ನಮ್ಮ ಪರವಾಗಿ ವಾದಿಸಬೇಕೆಂದು ನಾವು ಕೇಳುವುದಿಲ್ಲ. ನಮ್ಮಲ್ಲೇ ಒಬ್ಬರು ಪಟ್ಟಿ ಮುಳುಗಿಸಿ ದಾವೆ ಹೂಡಿದರೆ ಅವರು ಗಟ್ಟಿಯಾಗಿ ಎದುರಿಸಲಿ. ಮುನಸಿಪಾಲಟಿ ಸೋತರೆ ನಷ್ಟ ಪಟ್ಟಿ ಕಟ್ಟಿದ ಎಲ್ಲರಿಗೆ. ತಮ್ಮ ಹಣದ ಹಿತವಿರುವ ಖಟ್ಲೆಯಲ್ಲಿ ಮಾತ್ರ ಅವರು ನಿಲ್ಲಬಾರದು. ವಕೀಲರ ಪರಿಷತ್ತಿನ ನಿಯಮವೂ ಇದೇ.

ಇನ್ನು ನಮ್ಮ ಕೆಲಸ. ಎಷ್ಟು ದಾವೆಗಳಿವೆ, ಯಾವ ಕೋರ್ಟಿನಲ್ಲಿವೆ, ಎಷ್ಟು ಸೋತವು, ಅಪೀಲು ಆಯಿತೇ, ಫೀ ಎಷ್ಟು ಹೋಯಿತು? ಈ ಐದು ಪ್ರಶ್ನೆಗಳನ್ನು ನಿಮ್ಮ ವಾರ್ಡಿನ ಸದಸ್ಯರಿಗೆ ಕೇಳಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಕೊಡಿರಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ಬೀದಿಯಲ್ಲಿ ಕೂಡುವವರು ಗಣತಿಯಲ್ಲಿ ಹೆಸರು ಬರೆಸಿ ಪ್ರಮಾಣಪತ್ರವನ್ನು ಜೋಪಾನವಾಗಿಡಿರಿ. ಒಬ್ಬೊಬ್ಬರೇ ಹೋದರೆ ಕಚೇರಿಯ ಕಟ್ಟೆಯ ಮೇಲೆ ಕೂಡಿಸುತ್ತಾರೆ. ಹತ್ತು ಜನ ಕೂಡಿ ಹೋದರೆ ಕಡತ ತೆಗೆಯುತ್ತಾರೆ. ಬರುವ ಸಂತೆಯ ದಿನವೇ ಹತ್ತು ಜನ ಕೂಡಿರಿ.