ಸಣ್ಣ ಚಿತ್ರಕ್ಕೂ ಬೇಕು ಕರಾರುಪತ್ರ



ಒಂದು ಕ್ಯಾಮೆರಾ, ಹತ್ತು ಮಂದಿ ಗೆಳೆಯರು, ಅವರಿವರಿಂದ ಕೂಡಿಸಿದ ಅಲ್ಪ ಹಣ. ಇಷ್ಟಿದ್ದರೆ ಚಿತ್ರ ತೆಗೆಯಬಹುದೆಂಬ ಧೈರ್ಯ ನಿಮ್ಮಲ್ಲಿ ಅನೇಕರಿಗಿದೆ. ಸಂತೋಷ. ೨೦೧೩ರಲ್ಲಿ ತೆರೆಕಂಡ ‘ಲೂಸಿಯಾ’ ಪ್ರೇಕ್ಷಕರೇ ಹಾಕಿದ ಹಣದಿಂದ ತಯಾರಾಯಿತಲ್ಲವೇ? ಆದರೆ ಇಂಥ ತಂಡಗಳ ಖರ್ಚಿನ ಪಟ್ಟಿಯಲ್ಲಿ ಊಟ, ಬಾಡಿಗೆ ವ್ಯಾನು, ಲೈಟು ಎಲ್ಲವೂ ಇರುತ್ತವೆ. ಕರಾರುಪತ್ರಕ್ಕೆಂದು ಒಂದು ಸಾಲೂ ಇರುವುದಿಲ್ಲ. ಎಲ್ಲರೂ ನಮ್ಮವರೇ, ಕಾಗದ ಯಾಕೆ ಎನ್ನುತ್ತಾರೆ.

ಪ್ರಸಾರಕ್ಕೆ ಚಿತ್ರವೊಂದು ಬಂದಾಗ ನಾವು ಮೊದಲು ಕೇಳುವುದೇ ಆ ಕಾಗದವನ್ನು. ಕಥೆ ಯಾರದು, ಹಾಡು ಯಾರದು, ಅವರು ಒಪ್ಪಿದ್ದಾರೆಯೇ? ಉತ್ತರ ಬರವಣಿಗೆಯಲ್ಲಿ ಇಲ್ಲದಿದ್ದರೆ ಒಳ್ಳೆಯ ಚಿತ್ರವೂ ಡಬ್ಬಿಯಲ್ಲೇ ಉಳಿಯುತ್ತದೆ.

೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೧೯ನೆಯ ಪ್ರಕರಣದ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಕೊಡುವವರ ಸಹಿ ಇರಬೇಕು. ಇನ್ನೊಂದು ಸ್ವಾರಸ್ಯವಿದೆ. ಕಾಗದದಲ್ಲಿ ನೀವು ಬಿಟ್ಟದ್ದನ್ನು ಕಾನೂನೇ ತುಂಬುತ್ತದೆ. ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹೊರದೇಶದ ಚಿತ್ರೋತ್ಸವದಿಂದ ಕರೆ ಬಂದಾಗ ತೊಡಕು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದಿರದ ಹೊರತು, ಅದು ಬಿದ್ದುಹೋಗುತ್ತದೆ. ಹಣ ಸಾಲದೆ ಚಿತ್ರೀಕರಣ ಮುಂದೆ ಮುಂದೆ ಹೋಗುವ ತಂಡಕ್ಕೆ ಇದು ಸಣ್ಣ ಮಾತಲ್ಲ.

ಹಾಗಾದರೆ ವಕೀಲರಿಗೆ ದೊಡ್ಡ ಮೊತ್ತ ಕೊಡಬೇಕೇ? ಬೇಕಿಲ್ಲ. ಎಲ್ಲವನ್ನೂ ಅವರೇ ಮೊದಲಿನಿಂದ ಬರೆಯಬೇಕಾದಾಗ ಖರ್ಚು ಏರುತ್ತದೆ. ನೀವೇ ತಿಳಿಗನ್ನಡದಲ್ಲಿ ಒಂದು ಪುಟದ ಕರಡು ಮಾಡಿ, ತಿದ್ದಿಸಿಕೊಳ್ಳಿ. ಕಥೆಗಾರ, ಸಂಗೀತಗಾರ, ನಟ, ತಂತ್ರಜ್ಞ, ಜಾಗದ ಮಾಲೀಕ – ಹೀಗೆ ನಾಲ್ಕೈದು ನಮೂನೆಗಳಿದ್ದರೆ ಸಾಕು, ಹೆಸರು ಬದಲಿಸಿ ಬಳಸಬಹುದು. ನಾನು ರಸಾಯನಶಾಸ್ತ್ರ ಓದಿದವನು. ಚೀಟಿ ಅಂಟಿಸದ ಸೀಸೆಯನ್ನು ಮುಟ್ಟಬಾರದೆಂಬುದು ನಮ್ಮ ಮೊದಲ ಪಾಠವಾಗಿತ್ತು.

ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಗಳಿಗೆ, ಎಷ್ಟು ಹಣ, ಯಾವಾಗ, ಪರದೆಯ ಮೇಲೆ ಹೆಸರು ಹೇಗೆ – ಇವು ಸ್ಪಷ್ಟವಿರಲಿ. ಕೊಡಲು ಹಣವಿಲ್ಲದಿದ್ದರೆ ಲಾಭದಲ್ಲಿ ಪಾಲು ಎಂದು ಬರೆಯುತ್ತೀರಿ. ಆಗ ಯಾವ ಯಾವ ಖರ್ಚು ಕಳೆದ ಮೇಲೆ ಉಳಿದದ್ದು ಲಾಭ ಎಂಬುದನ್ನೂ ಬರೆಯಲೇಬೇಕು. ಗೆಳೆತನ ಮುರಿಯುವುದು ಬಹುತೇಕ ಇಲ್ಲೇ.

‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲು ಸಿದ್ಧ ನಮೂನೆಗಳಲ್ಲಿ ಕಾಣುತ್ತದೆ. ೨೦೧೨ರ ತಿದ್ದುಪಡಿಯ ನಂತರ ಅದು ಪೂರ್ತಿ ನಿಲ್ಲದು. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳ ರಾಯಲ್ಟಿಯಲ್ಲಿ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಇರುವ ಸಮಪಾಲನ್ನು ಬರೆಸಿಕೊಂಡು ಕಿತ್ತುಕೊಳ್ಳಲಾಗದು. ಇದು ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಹದಿನೆಂಟು ತುಂಬದವರು ಮಾಡಿದ ಕರಾರಿಗೆ ಬೆಲೆಯಿಲ್ಲ. ಬಾಲನಟರ ಪರವಾಗಿ ತಂದೆತಾಯಿ ಸಹಿ ಹಾಕಬೇಕು, ಜಿಲ್ಲಾಧಿಕಾರಿಗಳ ಅನುಮತಿಯೂ ಬೇಕು. ಛಾಪಾಕಾಗದವೊಂದೇ ಕರಾರನ್ನು ಕರಾರಾಗಿಸದು. ಆದರೂ ತಕ್ಕ ಮುದ್ರಾಂಕ ಶುಲ್ಕ ಕಟ್ಟಿಬಿಡಿ. ಇಲ್ಲದಿದ್ದರೆ ನ್ಯಾಯಾಲಯದಲ್ಲಿ ಕಾಗದ ತೋರಿಸುವಾಗ ದಂಡ ತೆರಬೇಕಾದೀತು.

ತಿದ್ದಿಕೊಡುವವರು ಎಲ್ಲಿ ಸಿಗುತ್ತಾರೆ? ಕಾನೂನು ಕಾಲೇಜುಗಳಲ್ಲಿ ಉಚಿತ ನೆರವಿನ ಕೇಂದ್ರಗಳಿವೆ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಮುಂತಾದವರಿಗೆ ಸಲಹೆ ಉಚಿತ. ಪ್ರತಿ ಜಿಲ್ಲೆಯಲ್ಲೂ ಈ ಪ್ರಾಧಿಕಾರವಿದೆ. ಕರಡಿನ ಎರಡು ಪ್ರತಿ ಒಯ್ಯಿರಿ, ಚಿತ್ರೀಕರಣದ ಮೊದಲ ದಿನಕ್ಕೆ ಮುಂಚೆಯೇ ಹೋಗಿ.