ಕಪ್ಪು ಕುದುರೆ ಕಪ್ಪಲ್ಲ



ಬಿ.ಇ. ಕೊನೆಯ ವರ್ಷ ಒಂದು ಕಂಪನಿಯ ಸಂದರ್ಶನಕ್ಕೆ ಕೂತಿದ್ದೆ. ಇಂಗ್ಲಿಷಿನಲ್ಲಿ ತಡವರಿಸಿದೆ, ಪ್ರೋಗ್ರಾಂ ಮಾತ್ರ ಸರಿಯಾಗಿ ಬರೆದೆ. ಆಯ್ಕೆಯಾದವರ ಹೆಸರು ಓದಿದ ಅಧಿಕಾರಿ ನನ್ನ ಬೆನ್ನು ತಟ್ಟಿ ‘ಡಾರ್ಕ್ ಹಾರ್ಸ್’ ಎಂದರು. ಸುತ್ತಲಿದ್ದವರು ನಕ್ಕರು. ನನ್ನ ಬಣ್ಣ ನಿಮಗೆ ಕಾಣುತ್ತಲೇ ಇದೆ. ನೌಕರಿ ಸಿಕ್ಕ ದಿನವೇ ಮುಖ ಸಣ್ಣದು ಮಾಡಿಕೊಂಡು ಹಾಸ್ಟೆಲ್ಲಿಗೆ ಬಂದೆ. ಫೋನಿನಲ್ಲಿ ಅವ್ವ, “ಕರಿ ಕುದುರಿ ಅಂದ್ರ ಏನಪಾ, ಬೈದ್ರೇನು?” ಅಂದಳು. ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ವಾರದ ಮೇಲೆ, ಗ್ರಂಥಾಲಯದ ನಿಘಂಟಿನಲ್ಲಿ. ಇಲ್ಲಿ ‘ಡಾರ್ಕ್’ ಎಂದರೆ ಕಪ್ಪಲ್ಲ, ಯಾರಿಗೂ ತಿಳಿಯದ್ದು. ರೇಸಿನಲ್ಲಿ ದುಡ್ಡು ಕಟ್ಟುವವರು ಕುದುರೆಯ ಹಿಂದಿನ ಓಟ, ತಳಿ, ಜಾಕಿ ಎಲ್ಲ ನೋಡಿ ಕಟ್ಟುತ್ತಾರೆ. ಹೆಸರೇ ಕೇಳದ ಕುದುರೆ ಗೆದ್ದರೆ ಎಲ್ಲರ ಲೆಕ್ಕ ತಲೆಕೆಳಗು. ಅದರ ಮೈ ಹಾಲಿನಂತೆ ಬೆಳ್ಳಗಿದ್ದರೂ ಅದು ಡಾರ್ಕ್ ಹಾರ್ಸೇ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಬೆಂಜಮಿನ್ ಡಿಸ್ರೇಲಿ 1831ರ ತನ್ನ ‘ದಿ ಯಂಗ್ ಡ್ಯೂಕ್’ ಕಾದಂಬರಿಯಲ್ಲಿ ಇಂಥದೇ ಒಂದು ಕುದುರೆ ಓಡಿಸಿದ್ದಾನೆ. ಆಮೇಲೆ ಮಾತು ರಾಜಕೀಯಕ್ಕೆ ಬಂತು. 1844ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಮೊದಲ ಏಳು ಸುತ್ತು ಒಂದೂ ಮತ ಬೀಳದ ಜೇಮ್ಸ್ ಪೋಲ್ಕ್ ಒಂಬತ್ತನೆಯ ಸುತ್ತಿಗೆ ಅಭ್ಯರ್ಥಿಯಾದ, ಅಧ್ಯಕ್ಷನೂ ಆದ.

ನಮ್ಮ ಪತ್ರಿಕೆಗಳು ಚುನಾವಣೆ ಬಂದಾಗ ಬರೆಯುವ ‘ಕಪ್ಪು ಕುದುರೆ’ ಇದೇ. ಅನುವಾದ ಮಾಡಿದವರು ಬಣ್ಣ ಹಿಡಿದುಕೊಂಡರು, ಅರ್ಥ ಬಿಟ್ಟರು ಎಂದು ನನ್ನ ಸಿಟ್ಟು. ‘ಎಲೆಮರೆಯ ಕಾಯಿ’ ನಮ್ಮಲ್ಲಿ ಇತ್ತಲ್ಲ ಎನ್ನಬಹುದು. ಆದರೆ ಆ ಕಾಯಿ ಮರೆಯಲ್ಲೇ ಉಳಿಯುತ್ತದೆ, ಈ ಕುದುರೆ ಗೆಲ್ಲುತ್ತದೆ.

ಬೆಂಗಳೂರಿನಲ್ಲಿ ನಮ್ಮೂರು ಮಾಗಡಿ ಎಂದರೆ, “ಓ, ಕೆಂಪೇಗೌಡರ ಮಾಗಡಿ!” ಅನ್ನುತ್ತಾರೆ. ಅಲ್ಲ, ಶಿರಹಟ್ಟಿ ಹತ್ತಿರದ ಮಾಗಡಿ ಎಂದು ಎಷ್ಟು ಸಲ ಹೇಳಿದ್ದೇನೋ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಮಾತ್ರ ವಿಳಾಸ ತಪ್ಪಿಲ್ಲ. 2024ರಲ್ಲಿ ನಮ್ಮ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದ ದಿನ, ಅದೇ ಸಹೋದ್ಯೋಗಿಗಳು ಫೋಟೋ ಕಳಿಸಿ “ಇದು ನಿಮ್ಮೂರಾ?” ಎಂದು ಕೇಳಿದರು.

ಅಂದು ಅರ್ಥ ಗೊತ್ತಾದ ಮೇಲೆ ಅವ್ವನಿಗೆ ಮತ್ತೆ ಫೋನ್ ಮಾಡಿದ್ದೆ. ಪೂರಾ ಕೇಳಿ ಅಂದಳು: “ಹಂಗಂದ್ರ, ಯಾರೂ ಲೆಕ್ಕಕ್ಕ ಹಿಡೀಲಾರದ ಎತ್ತು ಬಹುಮಾನ ತಂತು ಅನ್ನು. ಅದಕ್ಯಾಕ ಕುದುರಿ ಬೇಕೋ?”